ಗೋಡೆ ಕಾಣದ ಹದಿನೈದು ದಿನ

ನನ್ನ ಬಾಯಿ ಜೋರು ಅಂತ ನಮ್ಮ ಬೀದಿಗೆಲ್ಲ ಗೊತ್ತು. ಕೊಳಾಯಿ ಹತ್ತಿರ ನನ್ನ ಬಿಂದಿಗೆ ದಾಟಿಸಿ ತನ್ನ ಬಿಂದಿಗೆ ಮುಂದಿಡುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ. ಆದರೆ ಈ ಒಂದು ವಿಷಯ ಹೇಳೋದಕ್ಕೆ ಮಾತ್ರ ಎರಡು ವರ್ಷದಿಂದ ನನಗೆ ಬಾಯಿ ಬಂದಿಲ್ಲ. ಈಗಲೂ ಹೆಮ್ಮೆಯಿಂದ ಹೇಳ್ತಿಲ್ಲ. ಹೇಳದೆ ಇದ್ದರೆ ಉಂಡದ್ದು ಮೈಗೆ ಹತ್ತಲ್ಲ, ಅದಕ್ಕೇ ಹೇಳ್ತಿದ್ದೀನಿ.

ನಮ್ಮ ಊರಲ್ಲಿ ಮಕ್ಕಳ ಕಾಲೇಜಿಗೆ ಸಹಾಯಧನ ಬೇಕು ಅಂತ ಅರ್ಜಿ ಹಾಕಿದ ಮಾರನೇ ಬೆಳಗ್ಗೆ ಮನೆಯ ಮುಂದಿನ ಗೋಡೆ ಕಾಣಿಸುವುದಿಲ್ಲ. ಗೋಡೆ ಅಲ್ಲೇ ಇರುತ್ತೆ. ಕೈಗೆ ಸಿಗುತ್ತೆ, ಒರಗಿ ಕೂತರೆ ಬೆನ್ನಿಗೆ ಸಿಗುತ್ತೆ, ಮಳೆ ಬಂದರೆ ಒಂದು ಹನಿ ಒಳಗೆ ಬೀಳಲ್ಲ. ಕಣ್ಣಿಗೆ ಮಾತ್ರ ಸಿಗಲ್ಲ. ಬೀದಿಯಲ್ಲಿ ಹೋಗುವವರಿಗೆ ಒಲೆ, ಹಾಸಿಗೆ, ಹಗ್ಗದ ಮೇಲಿನ ಒಳಬಟ್ಟೆ ಎಲ್ಲ ಕಾಣುತ್ತೆ. ಗೋಡೆಗೆ ಹೊಡೆದ ಮೊಳೆ, ಮೊಳೆಗೆ ಹಾಕಿದ ಕ್ಯಾಲೆಂಡರು ಗಾಳಿಯಲ್ಲಿ ನಿಂತಿರುತ್ತವೆ. ರಸ್ತೆ ಆಚೆ ಕಾಲೇಜಿನವರು ಕಳಿಸಿದ ಜನ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಹದಿನೈದು ದಿನ, ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ. ನಾವು ಅವರನ್ನು ಕುರ್ಚಿಯವರು ಅಂತೀವಿ. ಅವರು ಮಾತಾಡಲ್ಲ, ಕಾಫಿ ಕೊಟ್ಟರೆ ಮುಟ್ಟಲ್ಲ. ನೋಡ್ತಾರೆ, ಬರ್ಕೋತಾರೆ. ಎಲ್ಲ ಮುಗಿದ ಮೇಲೆ ಯಾವ ಮನೆಗೆ ಎಷ್ಟು ಅಂತ ಕಾಗದ ಬರುತ್ತೆ.

ಇದಕ್ಕೆ ಊರು ಒಗ್ಗಿಕೊಂಡುಬಿಟ್ಟಿದೆ. ಗೋಡೆ ಕಾಣದ ಮನೆ ಮುಂದೆ ಹಾಯುವಾಗ ಮುಖ ಆಚೆ ತಿರುಗಿಸಿಕೊಂಡು ಹೋಗಬೇಕು, ಅದು ಮರ್ಯಾದೆ. ಪರೀಕ್ಷೆ ಫಲಿತಾಂಶ ಬಂದ ತಿಂಗಳಲ್ಲಿ ರಸ್ತೆಯ ಎರಡೂ ಕಡೆ ಇಂಥ ಮನೆಗಳಿರುತ್ತವೆ, ಆಗ ಜನ ನೆಲ ನೋಡಿಕೊಂಡು ನಡೆದು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಅರ್ಜಿ ಹಾಕುವ ಮೊದಲು ಮನೆ ಹೊಂದಿಸುವುದೂ ಒಂದು ಕೆಲಸ. ಟಿವಿ, ಫ್ರಿಜ್ಜು, ಮಿಕ್ಸಿ ಎಲ್ಲ ಅರ್ಜಿ ಹಾಕದವರ ಮನೆಗೆ ಸಾಗಿಸುತ್ತೇವೆ. ಬದಲಿಗೆ ಸೊಟ್ಟ ಪಾತ್ರೆ, ಹಿಡಿ ಮುರಿದ ಸೌಟು ತರುತ್ತೇವೆ. ನಮ್ಮ ಬೀದಿಯಲ್ಲಿ ಒಂದು ಹರಿದ ಚಾಪೆ ಇದೆ. ಹದಿನೇಳು ಮಕ್ಕಳು ಆ ಚಾಪೆ ಮೇಲೆ ಕೂತು ಓದಿದ್ದನ್ನು ಕುರ್ಚಿಯವರು ನೋಡಿದ್ದಾರೆ. ಹದಿನೇಳೂ ಮಕ್ಕಳು ಇವತ್ತು ಚೆನ್ನಾಗಿದ್ದಾರೆ.

ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು, ನಾಗವೇಣಿ. ನಮ್ಮ ಯಜಮಾನರು ಮಲ್ಲಿನಾಥ, ಹಿಟ್ಟಿನ ಗಿರಣಿಯಲ್ಲಿ ಕೆಲಸ, ಸಂಜೆ ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು ಬರುತ್ತಾರೆ. ಮಗಳು ಶಾಂಭವಿ. ಮತ್ತೆ ಯಜಮಾನರ ಅಕ್ಕ, ಶಂಕರಕ್ಕ. ಮದುವೆ ಆಗಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯವರ ರವಿಕೆ, ಲಂಗ, ಶಾಲೆಯ ಯೂನಿಫಾರಂ ಹೊಲಿಯುತ್ತಾರೆ. ನಿಜ ಹೇಳಬೇಕು ಅಂದರೆ ಗಿರಣಿ ಸಂಬಳದಲ್ಲಿ ನಮ್ಮ ಮನೆಯ ಅಕ್ಕಿ ಬರುತ್ತಿತ್ತು, ಮಿಕ್ಕಿದ್ದೆಲ್ಲ ಆ ಮೆಷಿನ್‌ನಿಂದ ಬರುತ್ತಿತ್ತು. ಶಾಂಭವಿ ಓದಿದ್ದು ಶಂಕರಕ್ಕನ ಕಾಲಿನಿಂದ. ತುಳಿದು ತುಳಿದು ಅವರ ಮಂಡಿ ಎರಡೂ ಊದಿಕೊಂಡಿದ್ದವು.

ಇಂಥವರನ್ನು ನಾನು ಹೇಗೆ ನೋಡಿಕೊಂಡಿದ್ದೆ ಅಂತ ಕೇಳಿದರೆ, ಕೆಟ್ಟದಾಗಿ ಏನೂ ನೋಡಿಕೊಂಡಿರಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆಗೆ ಬಡಿಸಿ ಮೆಷಿನ್ ಪಕ್ಕ ಇಟ್ಟು ಒಳಗೆ ಬರುತ್ತಿದ್ದೆ. ಅವರು ಬಲಗೈಯಲ್ಲಿ ಉಣ್ಣುತ್ತಾ ಎಡಗೈಯಲ್ಲಿ ಬಟ್ಟೆ ಮಡಿಸುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು, ಇದರಲ್ಲಿ ತಪ್ಪೇನಿದೆ ಅಂತ ನನಗೂ ಅನ್ನಿಸಿರಲಿಲ್ಲ.

ಶಾಂಭವಿಗೆ ಚಿಕ್ಕಂದಿನಿಂದ ಒಂದೇ ಹಟ, ಪಶುವೈದ್ಯಳಾಗಬೇಕು ಅಂತ. ಅಂಕ ಬಂತು, ಗುಡ್ಡದ ಕಾಲೇಜಿನಲ್ಲೂ ಹೊಳೆದಂಡೆ ಕಾಲೇಜಿನಲ್ಲೂ ಸೀಟು ಬಂತು. ಓದು ಐದು ವರ್ಷ. ಎರಡು ಕಾಲೇಜಿನ ಫೀಸಿನ ಚೀಟಿ ನೋಡಿ ಯಜಮಾನರು ರೆಪ್ಪೆ ಮೇಲಿನ ಹಿಟ್ಟು ಒರೆಸಿಕೊಳ್ಳುವುದನ್ನೂ ಮರೆತು ಕೂತರು. ಸಹಾಯಧನ ಬರದಿದ್ದರೆ ಮಗಳು ಮನೆಯಲ್ಲೇ ಉಳಿಯುವುದು ಖಂಡಿತ. ಎರಡಕ್ಕೂ ಅರ್ಜಿ ಹಾಕಿದೆವು.

ಅರ್ಜಿ ಹಾಕಿದ ದಿನ ಬೆಳಗ್ಗೆಯೇ ಮೆಷಿನ್ ಸಾಗಿಸಿದ್ದೆ. ಅದು ಕಂಡರೆ ಮನೆಗೆ ಸಂಪಾದನೆ ಇದೆ ಅಂತ ಬರ್ಕೋತಾರಲ್ಲ. ಎದುರುಮನೆ ಇಂದ್ರಮ್ಮನ ಕೊಟ್ಟಿಗೆಯಲ್ಲಿ ಅದಕ್ಕೆ ಗೋಣಿಚೀಲ ಹೊದಿಸಿ ಬಂದೆ. ಆಗ ಇಂದ್ರಮ್ಮ ಹೇಳಿದಳು. ಹೋದ ವರ್ಷ ಅವಳ ಮಗನಿಗೆ ಸಹಾಯಧನ ಸಿಕ್ಕಿತ್ತು, ಅನುಭವಸ್ಥೆ.

"ಚಾಪೆ, ಪಾತ್ರೆ ಎಲ್ಲ ಈಗ ನಡೆಯಲ್ಲ ಕಣೇ, ಕುರ್ಚಿಯವರಿಗೂ ಆ ಚಾಪೆ ಗುರುತು ಹತ್ತಿದೆ. ಮನೇಲಿ ಹಾಸಿಗೆ ಹಿಡಿದವರು ಒಬ್ಬರಿದ್ರೆ ನೋಡು, ಪೂರ್ತಿ ಕೊಡ್ತಾರೆ. ನಮ್ಮ ಮಾವ ಇದ್ದರಲ್ಲ, ಅದರಿಂದಲೇ ನಮಗೆ ಆಗಿದ್ದು."

"ನಮ್ಮನೇಲಿ ಯಾರಿದ್ದಾರೆ ಹಾಸಿಗೆ ಹಿಡಿದವರು?" ಅಂದೆ.

ಇಂದ್ರಮ್ಮ ರಸ್ತೆ ಆಚೆ ನಮ್ಮ ಮನೆಯ ಕಡೆ ನೋಡಿದಳು. ಅಲ್ಲಿ ಶಂಕರಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು.

ಮನೆಗೆ ಬಂದು ನೇರವಾಗಿ ಹೇಳಿಬಿಟ್ಟೆ. "ಅಕ್ಕ, ಹೇಗೂ ಮೆಷಿನ್ ಇಲ್ಲ, ನಿಮಗೆ ಕೆಲಸ ಇಲ್ಲ. ಹದಿನೈದು ದಿನ ಸುಮ್ಮನೆ ಮಲಗಿಬಿಡಿ. ಕಾಯಿಲೆಯವರ ಥರ. ನಿಮ್ಮ ಸೊಸೆ ಡಾಕ್ಟರಾಗ್ತಾಳೆ." ಸೊಸೆ ಅಂದರೆ ತಮ್ಮನ ಮಗಳು, ನಮ್ಮ ಕಡೆ ಹಾಗೆ ಅನ್ನುವುದು. ಅವರು ಕೈಯಲ್ಲಿದ್ದ ದಾರದ ಉಂಡೆ ಕೆಳಗಿಟ್ಟರು. "ಎಲ್ಲಿ ಮಲಗಲಿ?" ಅಂದರು, ಅಷ್ಟೇ. ಯಜಮಾನರು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಗಿರಣಿಗೆ ಹೋದರು. ಶಾಂಭವಿ ಮಾತ್ರ, "ಅಮ್ಮ, ಅತ್ತೆಗೆ ಏನೂ ಆಗಿಲ್ಲ" ಅಂದಳು. "ನಿನಗೆ ಸೀಟು ಬೇಕಾ ಬೇಡ್ವಾ?" ಅಂತ ಅವಳ ಬಾಯಿ ಮುಚ್ಚಿಸಿದೆ.

ಮಾರನೇ ಬೆಳಗ್ಗೆ ಎದ್ದಾಗ ಗೋಡೆ ಕಾಣಲಿಲ್ಲ. ರಸ್ತೆ ಆಚೆ ಎರಡು ಕುರ್ಚಿ. ಗುಡ್ಡದ ಕಾಲೇಜಿನ ಕಡೆಯಿಂದ ಒಬ್ಬ ಬೋಳುತಲೆಯ ಮನುಷ್ಯ, ಕುರ್ಚಿಗೆ ಹಸಿರು ದಿಂಬು. ಹೊಳೆದಂಡೆ ಕಡೆಯಿಂದ ಒಬ್ಬಳು ಚಿಕ್ಕ ವಯಸ್ಸಿನ ಹೆಂಗಸು, ಮತ್ತೆ ಮತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಶಂಕರಕ್ಕನನ್ನು ಮುಂದಿನ ಕೋಣೆಯಲ್ಲಿ, ಮೆಷಿನ್ ಇದ್ದ ಜಾಗದಲ್ಲೇ ಹಾಸಿಗೆ ಹಾಕಿ ಮಲಗಿಸಿದ್ದೆ, ಚೆನ್ನಾಗಿ ಕಾಣಲಿ ಅಂತ.

ಮಧ್ಯಾಹ್ನ ಊಟದ ಹೊತ್ತಿಗೆ ಯೋಚನೆ ಬಂತು. ಹಾಸಿಗೆ ಹಿಡಿದವರು ಎದ್ದು ಕೂತು ಉಣ್ಣುವುದಕ್ಕಾಗುತ್ತದೆಯೇ? ಅನ್ನಕ್ಕೆ ಸಾರು ಹಾಕಿ, ಚೂರು ತುಪ್ಪ ಹಾಕಿ ಕಲಸಿಕೊಂಡು ಹೋಗಿ ಅವರ ತಲೆ ನನ್ನ ತೊಡೆ ಮೇಲೆ ಇಟ್ಟುಕೊಂಡೆ. ತುತ್ತು ಮಾಡಿ ಬಾಯಿಗಿಟ್ಟೆ. ಅವರು ಬಾಯಿ ತೆಗೆಯಲಿಲ್ಲ, ನನ್ನನ್ನೇ ನೋಡಿದರು. "ತಗೊಳಿ ಅಕ್ಕ, ನೋಡ್ತಿದ್ದಾರೆ" ಅಂತ ತುಟಿ ಅಲ್ಲಾಡಿಸದೆ ಅಂದೆ. ಆಗ ತೆಗೆದರು.

ಆಮೇಲೆ ನನಗೆ ಹುರುಪು ಬಂತು. ತುತ್ತನ್ನು ಸ್ವಲ್ಪ ಮೇಲೆ ಎತ್ತಿ ಹಿಡಿದು, ಕುರ್ಚಿಗಳಿಗೆ ಕಾಣುವ ಹಾಗೆ ಊದಿ, ಆಮೇಲೆ ಬಾಯಿಗಿಡುತ್ತಿದ್ದೆ. ಸೆರಗಿನಿಂದ ಬಾಯಿ ಒರೆಸುತ್ತಿದ್ದೆ. ಬೆಳಗ್ಗೆ ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದೆ. ಸಂಜೆ ಬೇವಿನೆಣ್ಣೆ ಕಾಯಿಸಿ ಮಂಡಿ ತಿಕ್ಕುತ್ತಿದ್ದೆ. ಬೋಳುತಲೆಯವನು ಬರೆದದ್ದೇ ಬರೆದದ್ದು. ಬೀದಿಯ ಹೆಂಗಸರು ಮುಖ ತಿರುಗಿಸಿಕೊಂಡು ಹೋಗುತ್ತಲೇ ಓರೆಗಣ್ಣಲ್ಲಿ ನೋಡಿ, "ಗಂಡನ ಅಕ್ಕನ್ನ ಹೀಗೆ ನೋಡ್ಕೊಳ್ಳೋರು ಯಾರಿದ್ದಾರೆ" ಅಂತ ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನನಗೆ ಒಳಗೊಳಗೇ ಹಿಗ್ಗು. ಶಾಂಭವಿ ಮಾತ್ರ ಹದಿನೈದು ದಿನವೂ ಬೀದಿಗೆ ಬೆನ್ನು ಹಾಕಿ ಕೂತು ಪುಸ್ತಕ ಹಿಡಿದಿದ್ದಳು. ಒಂದು ಹಾಳೆಯನ್ನೂ ತಿರುವಿದ್ದು ಕಾಣೆ.

ಹನ್ನೊಂದನೇ ದಿನ ತುತ್ತು ಬಾಯಲ್ಲಿರುವಾಗಲೇ ಶಂಕರಕ್ಕ ಅತ್ತುಬಿಟ್ಟರು. ಸದ್ದಿಲ್ಲ, ಕಣ್ಣಿನ ಎರಡೂ ಕೊನೆಯಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಏನು ಬಂತು ಅಂತ ಹೇಳಬೇಕು, ಹೇಳದಿದ್ದರೆ ಈ ಕಥೆ ಹೇಳಿ ಪ್ರಯೋಜನವಿಲ್ಲ. ಕುರ್ಚಿಯವರು ಇದನ್ನು ನೋಡಿದರಾ ಅಂತ ನಾನು ಮೊದಲು ತಿರುಗಿ ನೋಡಿದೆ. ನೋಡಿದ್ದರು. ಸದ್ಯ ಅಂದುಕೊಂಡೆ.

ಹದಿನೈದು ದಿನ ಆದಮೇಲೆ ಕುರ್ಚಿಗಳು ಹೋದವು. ನಾಲ್ಕು ದಿನ ಬಿಟ್ಟು ಎರಡೂ ಕಾಗದ ಒಟ್ಟಿಗೆ ಬಂದವು. ಏಳು ದಿನದೊಳಗೆ ಒಂದಕ್ಕೆ ಒಪ್ಪಿಗೆ ಹಾಕಬೇಕು, ಅಲ್ಲಿಯವರೆಗೆ ಗೋಡೆ ಬರಲ್ಲ.

ಗುಡ್ಡದ ಕಾಲೇಜಿನವರು ಪೂರ್ತಿ ಕೊಟ್ಟಿದ್ದರು. ಫೀಸು, ಹಾಸ್ಟೆಲು, ಪುಸ್ತಕ, ಐದು ವರ್ಷವೂ ನಾವು ಕೈಯಿಂದ ಒಂದು ಕಾಸು ಹಾಕಬೇಕಾಗಿಲ್ಲ. ಕಾರಣವನ್ನೂ ಬರೆದಿದ್ದರು, ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ, ತಾಯಿ ಅವರ ಆರೈಕೆಯಲ್ಲಿ ತೊಡಗಿರುವುದರಿಂದ ಬೇರೆ ದುಡಿಮೆಗೆ ಅವಕಾಶವಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಓದು ಮುಗಿಯುವವರೆಗೂ ಮುಂದಿನ ಗೋಡೆ ಹೀಗೇ ಇರುತ್ತದೆ, ನಮ್ಮವರು ಯಾವಾಗ ಬೇಕಾದರೂ ಬಂದು ಕೂರುತ್ತಾರೆ ಅಂತ ಇತ್ತು.

ಹೊಳೆದಂಡೆಯವರು ಅರ್ಧ ಕೊಟ್ಟಿದ್ದರು. ಒಪ್ಪಿಗೆ ಹಾಕಿದ ಮಾರನೇ ದಿನವೇ ಗೋಡೆ ವಾಪಸ್ಸು. ಕಾರಣದ ಕಡೆ ಬರೆದಿದ್ದನ್ನು ಎರಡು ಸಲ ಓದಿದೆ. ಮಲಗಿರುವವರ ಪಾದಗಳು ಹೊದಿಕೆಯ ಕೆಳಗೆ ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಹಾಗೆ ಆಡುತ್ತಿರುವುದನ್ನು ಗಮನಿಸಲಾಗಿದೆ, ಮನೆಗೆ ಸಂಪಾದನೆ ಇದೆ, ಆದ್ದರಿಂದ ಅರ್ಧ. ಆ ಕನ್ನಡಕದ ಹೆಂಗಸು. ನಾನು ತುತ್ತು ಎತ್ತಿ ಎತ್ತಿ ತೋರಿಸುವಾಗ ಅವಳು ಕಾಲು ನೋಡುತ್ತಿದ್ದಳು. ಸುಳ್ಳು ಮಾಡಿದಿರಿ ಅಂತ ಒಂದು ಮಾತು ಬೈದಿರಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

ಮುಂದೆ ಕೂತು ಮಾತಾಡುವ ಹಾಗಿಲ್ಲವಲ್ಲ, ಬೀದಿಗೆಲ್ಲ ಕಾಣುತ್ತೆ. ಭಾನುವಾರ ಬೆಳಗ್ಗೆ ನಾಲ್ಕೂ ಜನ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೇರಿದೆವು. ಶಂಕರಕ್ಕನನ್ನು ನಾನು ಒಳಗಿನಿಂದ ಕೈಹಿಡಿದು ನಡೆಸಿಕೊಂಡು ಬಂದೆ, ಕಾಯಿಲೆಯವರ ಹಾಗೆ.

"ಅರ್ಧದ್ದೇ ಸಾಕು" ಅಂದರು ಯಜಮಾನರು. "ಐದು ವರ್ಷ ಬೀದಿಗೆ ಮೈ ತೋರಿಸ್ಕೊಂಡು ಬದುಕೋದು ನನ್ನ ಕೈಲಾಗಲ್ಲ."

"ಉಳಿದರ್ಧ ಎಲ್ಲಿಂದ ಬರುತ್ತೆ ರೀ? ನಿಮ್ಮ ರೆಪ್ಪೆ ಮೇಲಿನ ಹಿಟ್ಟು ಒದರಿದ್ರೆ ಬರುತ್ತಾ?" ಅಂದೆ. ನಾನು ಪೂರ್ತಿಯ ಕಡೆ. ಕೈಗೆ ಬಂದ ತುತ್ತನ್ನು ಬಿಡುವ ಜಾತಿಯವಳಲ್ಲ ನಾನು.

ಉಳಿದರ್ಧ ಎಲ್ಲಿಂದ ಬರಬೇಕು ಅಂತ ಎಲ್ಲರಿಗೂ ಗೊತ್ತಿತ್ತು. ಪೂರ್ತಿ ಹಿಡಿದರೆ ಶಂಕರಕ್ಕ ಐದು ವರ್ಷ ಮಲಗಬೇಕು. ಅರ್ಧ ಹಿಡಿದರೆ ಐದು ವರ್ಷ ತುಳಿಯಬೇಕು. ಯಾವ ಕಾಗದ ಹಿಡಿದರೂ ತೆರಬೇಕಾದವರು ಅವರೇ, ಆದರೂ ಅವರನ್ನು ಬಿಟ್ಟು ನಾವಿಬ್ಬರೂ ವಾದ ಮಾಡುತ್ತಿದ್ದೆವು.

ಶಾಂಭವಿ ಅವರ ಕಾಲ ಬುಡದಲ್ಲಿ ಕೂತಳು. "ಅತ್ತೆ, ನೀನು ಹೇಳು. ನಿನ್ನ ಕೇಳದೇನೇ ಇಷ್ಟೆಲ್ಲ ಮಾಡಿಬಿಟ್ವಿ."

"ಪೂರ್ತಿದೇ ತಗೋ ಮಗ" ಅಂದರು ಶಂಕರಕ್ಕ. "ಮಲಗಿರೋದಕ್ಕೆ ನನಗೇನು ಕಷ್ಟ."

"ನನಗೋಸ್ಕರ ಅಂತ ಹಾಗನ್ನಬೇಡ."

"ನಿನಗೋಸ್ಕರ ಅಲ್ಲ." ಅವರು ಕಲ್ಲಿನ ಮೇಲಿದ್ದ ಸೋಪಿನ ಚೂರನ್ನು ಉಗುರಿನಿಂದ ಕೆರೆಯುತ್ತಿದ್ದರು. "ನಮ್ಮವ್ವ ಹೋದಾಗ ನನಗೆ ಒಂಬತ್ತು. ಆಮೇಲೆ ನಿಮ್ಮಪ್ಪನಿಗೆ ನಾನು ಉಣಿಸಿದೆ, ನಿನಗೆ ಉಣಿಸಿದೆ. ನನ್ನ ಬಾಯಿಗೆ ತುತ್ತಿಟ್ಟವರು ಇರಲಿಲ್ಲ. ಇದು ನಾಟಕ ಅಂತ ನನಗೂ ಗೊತ್ತು. ಗೊತ್ತಿದ್ರೂ ಮಧ್ಯಾಹ್ನ ಆಗ್ತಿದ್ದ ಹಾಗೆ, ನಾಗು ಯಾವಾಗ ತಟ್ಟೆ ತರ್ತಾಳೋ ಅಂತ ಕಾಯ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು."

ಯಜಮಾನರು ಎದ್ದು ಹಿತ್ತಲ ಬಾಗಿಲ ಹತ್ತಿರ ಹೋಗಿ ನಿಂತರು. ನನಗೆ ಆ ಹನ್ನೊಂದನೇ ದಿನದ ಅಳು ಯಾಕೆ ಅಂತ ಆಗ ಗೊತ್ತಾಯಿತು. ಅದಕ್ಕೆ ನಾನು ಸದ್ಯ ಅಂದುಕೊಂಡಿದ್ದೆ.

"ಅದಕ್ಕೋಸ್ಕರ ಮಲಗಬೇಕಾ ಅಕ್ಕ?" ಅಂದುಬಿಟ್ಟೆ. ಧ್ವನಿ ನನ್ನದೇ ಅಂತ ಅನ್ನಿಸಲಿಲ್ಲ. "ಗೋಡೆ ಬಂದಮೇಲೂ ನಾನೇ ಉಣಿಸ್ತೀನಿ. ಮಂಡಿಗೆ ಎಣ್ಣೇನೂ ಹಚ್ತೀನಿ. ದಿನಾ."

ಶಾಂಭವಿ ತಟ್ಟನೆ ನನ್ನ ಕಡೆ ತಿರುಗಿದಳು. ಅಷ್ಟು ದಿನದ ಮೇಲೆ ಮಗಳು ನನ್ನ ಮುಖ ನೋಡಿದ್ದು ಆಗಲೇ. "ನಿಜವಾಗ್ಲೂ ಅಮ್ಮ?"

"ನಿಜ."

"ಯಾರೂ ನೋಡದೇ ಇದ್ರೂ?"

"ನೋಡದೇ ಇದ್ರೂ. ನಿನ್ನಾಣೆ" ಅಂದೆ. ಅದನ್ನು ಹೇಳುವಾಗ ನಾನು ಮನಸ್ಸಿನಿಂದಲೇ ಹೇಳಿದ್ದೆ, ಅದರಲ್ಲಿ ಸುಳ್ಳಿಲ್ಲ.

"ಹಾಗಾದ್ರೆ ಅರ್ಧದ್ದು" ಅಂದಳು ಶಾಂಭವಿ. "ಅತ್ತೆ, ನೀನು ಮೊದಲಿನಷ್ಟು ಹೊಲೀಬೇಡ. ಅಲ್ಲಿ ದನದ ಕೊಟ್ಟಿಗೆ ಕೆಲಸ ಮಾಡಿದ್ರೆ ಹಾಸ್ಟೆಲ್ ಊಟದ ದುಡ್ಡು ಬಿಡ್ತಾರಂತೆ, ನಾನು ಮಾಡ್ತೀನಿ. ಅಮ್ಮ ನೋಡ್ಕೋತಾಳೆ ನಿನ್ನ." ಶಂಕರಕ್ಕ ನನ್ನನ್ನು ನೋಡಿ ನಕ್ಕರು. ಹೊಸ ಸೀರೆ ತೆಗೆದುಕೊಟ್ಟಾಗಲೂ ಅವರು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ. ಸಂಜೆಯೇ ಶಾಂಭವಿ ಹೊಳೆದಂಡೆಯವರಿಗೆ ಒಪ್ಪಿಗೆ ಹಾಕಿಬಂದಳು.

ಮಾರನೇ ಬೆಳಗ್ಗೆ ಗೋಡೆ ಬಂತು. ಅಷ್ಟು ದಿನ ಕಾಣದಿದ್ದ ಸುಣ್ಣದ ಬಿರುಕು, ಶಾಂಭವಿ ಚಿಕ್ಕವಳಿದ್ದಾಗ ಗೀಚಿದ ಹಸು ಎಲ್ಲ ಇದ್ದ ಹಾಗೇ ಇದ್ದವು. ಕೋಣೆ ಕತ್ತಲಾಯಿತು, ದೀಪ ಹಾಕಿದೆವು. ಯಜಮಾನರು ಮೆಷಿನ್ ಹೊತ್ತು ತಂದು ಅದರ ಜಾಗದಲ್ಲಿಟ್ಟರು. ಶಂಕರಕ್ಕ ಸ್ನಾನ ಮಾಡಿ, ತಲೆ ತಾವೇ ಬಾಚಿಕೊಂಡು, ಮೆಷಿನ್ನಿಗೆ ಎಣ್ಣೆ ಬಿಟ್ಟು, ಬೀದಿಯವರ ಬಟ್ಟೆಯ ಹಳೇ ಗಂಟು ಬಿಚ್ಚಿ ಕೂತರು.

ಮಧ್ಯಾಹ್ನ ಆಯಿತು. ಅನ್ನಕ್ಕೆ ಸಾರು ಹಾಕಿ, ಚೂರು ತುಪ್ಪ ಹಾಕಿ, ಕಲಸಿದೆ. ತಟ್ಟೆ ಹಿಡಿದು ಮುಂದಿನ ಕೋಣೆಗೆ ಬಂದೆ. ಶಂಕರಕ್ಕ ಮೆಷಿನ್ ನಿಲ್ಲಿಸಿದರು. ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟು, ಸೆರಗಿನಲ್ಲಿ ತುಟಿ ಒರೆಸಿಕೊಂಡು ನನ್ನ ಕಡೆ ತಿರುಗಿ ಕೂತರು. ಶಾಂಭವಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದವಳು ಕೈ ನಿಲ್ಲಿಸಿದಳು.

ನಾನು ಕೂತೆ. ತುತ್ತು ಮಾಡಿದೆ. ಕೈ ಮೇಲೇಳಲಿಲ್ಲ.

ಯಾಕೆ ಅಂತ ನಾನು ಆವತ್ತಿನಿಂದ ಕೇಳಿಕೊಳ್ಳುತ್ತಿದ್ದೀನಿ. ಬೇಸರ ಇರಲಿಲ್ಲ, ಸಿಟ್ಟು ಇರಲಿಲ್ಲ. ಇಡೀ ಬೀದಿ, ಎರಡು ಕುರ್ಚಿ, ಎಲ್ಲ ನೋಡುವಾಗ ಸರಾಗವಾಗಿ ಹೋಗುತ್ತಿದ್ದ ಕೈ ನನ್ನ ಮಗಳ ಮುಂದೆ, ನಾಲ್ಕು ಗೋಡೆಯ ಒಳಗೆ, ಆ ಅರ್ಧ ಮೊಳ ದೂರ ಹೋಗಲಿಲ್ಲ. ಇಷ್ಟು ವರ್ಷ ಮಾಡದ್ದನ್ನು ಈಗ ನಿಜವಾಗಿ ಮಾಡಬೇಕಲ್ಲ ಅಂತ ಒಂದು ಥರ ನಾಚಿಕೆ. ಶಂಕರಕ್ಕನ ಬಾಯಿ ಒಂದಿಷ್ಟು ತೆರೆದಿತ್ತು. ನನ್ನ ತುತ್ತು ಬೆರಳ ಸಂದಿಯಲ್ಲಿ ಒಡೆದು ತಟ್ಟೆಗೆ ಬಿತ್ತು.

"ಬಿಡು ನಾಗು" ಅಂದರು ಶಂಕರಕ್ಕ. ಬೈಯುವ ಧ್ವನಿಯಲ್ಲ, ನನ್ನನ್ನೇ ಸಮಾಧಾನ ಮಾಡುವ ಧ್ವನಿ. "ರೂಢಿ ಇಲ್ಲ ನಿನಗೆ. ಕೈಲಿ ಕೊಡು, ನಾನೇ ಉಣ್ತೀನಿ."

ತಟ್ಟೆ ಕೊಟ್ಟೆ. ಅವರು ಬೇಗ ಬೇಗ ಉಂಡು, ಕೈ ತೊಳೆದುಕೊಂಡು, ಮೆಷಿನ್ ತುಳಿಯತೊಡಗಿದರು. ಉಳಿದರ್ಧ ಬರಬೇಕಲ್ಲ. ಶಾಂಭವಿ ಟ್ರಂಕಿನಲ್ಲಿ ತುಂಬಿದ್ದ ಬಟ್ಟೆಯನ್ನೆಲ್ಲ ಹೊರಗೆ ತೆಗೆದು ಮತ್ತೆ ಮೊದಲಿನಿಂದ ಮಡಿಸುವುದಕ್ಕೆ ಶುರು ಮಾಡಿದಳು. ಮೂರನೇ ದಿನ ಕಾಲೇಜಿಗೆ ಹೊರಟಾಗ ಅತ್ತೆಯ ಕಾಲಿಗೆ ಬಿದ್ದು ಬಹಳ ಹೊತ್ತು ಏಳಲಿಲ್ಲ. ನನ್ನ ಕಾಲಿಗೂ ಬಿದ್ದಳು, ಬೇಗ ಎದ್ದಳು.

ಎರಡು ವರ್ಷ ಆಯಿತು. ಅವಳು ಕಾಗದ ಬರೆಯುತ್ತಾಳೆ, ಕರುಗಳ ಬಗ್ಗೆ ಬರೆಯುತ್ತಾಳೆ, ಅತ್ತೆಯ ಮಂಡಿ ಹೇಗಿದೆ ಅಂತ ಅತ್ತೆಗೇ ಬರೆದು ಕೇಳುತ್ತಾಳೆ, ನನ್ನನ್ನು ಕೇಳಲ್ಲ. ಕೊಳಾಯಿ ಹತ್ತಿರ ಹೆಂಗಸರು ಇವತ್ತಿಗೂ ಹೊಸ ಸೊಸೆಯರಿಗೆ ನನ್ನನ್ನು ತೋರಿಸಿ, ಗಂಡನ ಅಕ್ಕನಿಗೆ ಕೈತುತ್ತು ಹಾಕಿದವಳು ಅಂತಾರೆ. ನಾನು ಬಿಂದಿಗೆ ತುಂಬಿಸಿಕೊಂಡು ಬಂದುಬಿಡುತ್ತೇನೆ. ದಿನಾ ಅನ್ನ ಕಲಸುವಾಗ ಇವತ್ತು ಉಣಿಸ್ತೀನಿ ಅಂದುಕೊಳ್ಳುತ್ತೇನೆ. ಇವತ್ತೂ ಅಂದುಕೊಂಡಿದ್ದೆ. ಮೆಷಿನ್ ಪಕ್ಕ ತಟ್ಟೆ ಇಟ್ಟು ಒಳಗೆ ಬಂದೆ.